ನಾಯಿಯ ಕಲ್ಲು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನದ ಮುಂದೆ ನಿಂತಾಗಲೆಲ್ಲ ನನಗೆ ಸುದ್ದಿಯ ಯೋಚನೆ ಬರುತ್ತದೆ. ಕಲ್ಲಿನ ಮೇಲೆ ಒಂದು ನಾಯಿ, ಒಂದು ಹಂದಿ ಎದುರುಬದುರಾಗಿ ಹೋರಾಡುತ್ತಿವೆ. ಸುತ್ತ ಹಳಗನ್ನಡದ ಅಕ್ಷರ. ಕಾಲ ಕ್ರಿ.ಶ. 949-50.

ಅದು ತಕ್ಕೋಲದ ಯುದ್ಧ ನಡೆದ ಹೊತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಕಾದಿದ. ಚೋಳರ ರಾಜಾದಿತ್ಯ ಸತ್ತ. ದಕ್ಷಿಣದ ರಾಜಕೀಯವನ್ನೇ ಅಲುಗಿಸಿದ ಸುದ್ದಿ ಅದು. ಕಲ್ಲಿನಲ್ಲಿ ಅದೂ ಇದೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಅದಕ್ಕಾಗಿ ಅಲ್ಲ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕಾಳಿ ಎಂಬ ನಾಯಿಯನ್ನು ಬೇಡಿದ. ಆ ಕಾಳಿ ಮುಂದೆ ಕಾಡುಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಮಣಲೆರ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದ.

ಈ ಕೊನೆಯ ಮಾತು ನನ್ನನ್ನು ಬಹಳ ಕಾಡಿದೆ. ಕಲ್ಲು ತಾನಾಗಿ ನೆನಪಿಟ್ಟುಕೊಳ್ಳುವುದಿಲ್ಲ ಎಂದು ಮಣಲೆರನಿಗೆ ತಿಳಿದಿತ್ತು. ಆದ್ದರಿಂದ ನೆನಪನ್ನು ಒಬ್ಬ ಮನುಷ್ಯನ ದಿನದ ಅನ್ನಕ್ಕೆ ಕಟ್ಟಿದ.

ಕನ್ನಡದ ಮೊದಲ ಪತ್ರಿಕೆಯೂ ಕಲ್ಲಿನಿಂದಲೇ ಹುಟ್ಟಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಚ್ಚಿನ ಪದ್ಧತಿ ಹೀಗೆ: ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸಿ, ಪ್ರತಿಗಳನ್ನು ತೆಗೆದಾದ ಮೇಲೆ ಕಲ್ಲನ್ನು ಉಜ್ಜಿ ಮತ್ತೆ ಹೊಸದರಂತೆ ಮಾಡಿ ಮುಂದಿನದಕ್ಕೆ ಸಿದ್ಧಪಡಿಸುತ್ತಾರೆ. ಸೂರ್ಯಚಂದ್ರರಿರುವವರೆಗೆ ಇರಲಿ ಎಂದು ಕೆತ್ತುತ್ತಿದ್ದ ನಾಡಿನಲ್ಲಿ, ಉಜ್ಜಿಹಾಕಲೆಂದೇ ಬರೆಯುವ ಕಲ್ಲೂ ಬಂತು. ಇದರಲ್ಲಿ ನನಗೆ ದುಃಖವಿಲ್ಲ. ಸುದ್ದಿ ಅಳಿಯಬೇಕು. ನೆನ್ನೆಯದು ಅಳಿಯದಿದ್ದರೆ ಇವತ್ತಿನದಕ್ಕೆ ಕಲ್ಲಿನ ಮೇಲೆ ಜಾಗವೆಲ್ಲಿ?

ನೋವಾಗುವುದು ಬೇರೆ ಕಡೆ. 2018ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ, ಯಡಿಯೂರಪ್ಪನವರು 17ಕ್ಕೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡು 19ಕ್ಕೆ ರಾಜೀನಾಮೆ ಕೊಟ್ಟರು. ಆ ಮೂರು ದಿನ ನಾನೂ ಟಿವಿ ಬಿಟ್ಟು ಏಳಲಿಲ್ಲ. ಚರ್ಚೆಗೆ ಕೂತವರು ಬೆಳಿಗ್ಗೆ ಒಂದು ಲೆಕ್ಕ ಹೇಳಿದರು, ರಾತ್ರಿ ಇನ್ನೊಂದು. ಬೆಳಗಿನ ಮಾತು ಏನಾಯಿತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಡಿದ ಮಾತನ್ನು ನೆನಪಿಡುವ ಹೊಣೆ ಅಲ್ಲಿ ಯಾರಿಗೂ ಇರಲಿಲ್ಲ.

ಅದೇ ವರ್ಷ ಆಗಸ್ಟ್ 16ರಂದು ಮಾಜಿ ಪ್ರಧಾನಿ ವಾಜಪೇಯಿ ತೀರಿಕೊಂಡರು. 17ರಂದು ದೆಹಲಿಯಲ್ಲಿ ಅಂತ್ಯಯಾತ್ರೆ. ಆ ದಿನಗಳಲ್ಲೇ ಕೊಡಗಿನಲ್ಲಿ ಗುಡ್ಡಗಳು ಜಾರಿದವು: ಜೋಡುಪಾಲ, ಮಕ್ಕಂದೂರು. ನಾನು ನೋಡುತ್ತಿದ್ದ ಪರದೆಯ ತುಂಬ ದೆಹಲಿ. ಕೊಡಗು ಕೆಳಗಿನ ಪಟ್ಟಿಯಲ್ಲಿ ಓಡುತ್ತಿತ್ತು. ನನ್ನ ಅತ್ತೆಯನ್ನು ಕೊಟ್ಟ ಮನೆ ಆ ಕಡೆಯದು. ಫೋನ್ ಸಿಗುತ್ತಿರಲಿಲ್ಲ. ಓಡುವ ಆ ಸಾಲಿನಲ್ಲಿ ಅವರ ಊರಿನ ಹೆಸರು ಬರುವುದೋ ಎಂದು ಕಣ್ಣಿಟ್ಟು ಕೂತಿದ್ದೆ. ಬಂದರೂ ಭಯ, ಬಾರದಿದ್ದರೂ ಭಯ.

ಅತ್ತೆ ಉಳಿದರು. ತೋಟದ ಮುಕ್ಕಾಲು ಪಾಲು ಹೋಯಿತು. ಕ್ಯಾಮೆರಾಗಳು ಆಮೇಲೆ ಬಂದವು, ಕೆಲವು ದಿನ ಇದ್ದವು, ಬೇರೆಡೆಗೆ ಹೋದವು. ಟಿವಿಯವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ, ಏಕೆಂದರೆ ನಾನೂ ಹಾಗೆಯೇ ಹೋದೆ. ಅತ್ತೆಯ ಮನೆಯ ಹಿಂದೆ ಬೋಳು ಮಣ್ಣಿನ ಇಳಿಜಾರು ಇರುವಾಗಲೇ ನನ್ನ ಮನಸ್ಸು ಯಾವುದೋ ಸಿನಿಮಾ ನಟನ ಮದುವೆಯ ಸುದ್ದಿ ಓದುತ್ತಿತ್ತು. ಎಲ್ಲವೂ ಅನಿತ್ಯ ಎಂದು ಹಿರಿಯರು ಹೇಳಿದ್ದನ್ನು ನಾವು ಸುದ್ದಿಗೆ ಹಚ್ಚಿ ಸಮಾಧಾನ ಪಡುತ್ತೇವೆ. ಅದು ಸರಿಯಲ್ಲ ಅನ್ನಿಸುತ್ತದೆ. ಜಾರಿದ ಗುಡ್ಡ ಜಾರಿದಲ್ಲೇ ಇದೆ. ಕ್ಷಣಿಕವಾಗಿದ್ದು ನನ್ನ ನೋಟ.

ಹಾಗಂತ ಕಲ್ಲು ಗೆದ್ದಿತು ಎಂದೂ ಹೇಳಲಾರೆ. ರಾಷ್ಟ್ರಕೂಟರ ಆಳ್ವಿಕೆ ಆ ಶಾಸನವಾದ ಕಾಲು ಶತಮಾನದೊಳಗೇ ಮುಗಿಯಿತು. ಮಣಲೆರ ಬಿಟ್ಟ ಭೂಮಿಯ ಬೆಳೆಯನ್ನು ಈಗ ಯಾರೂ ಕಾಳಿಯ ಹೆಸರಿನಲ್ಲಿ ಉಣ್ಣುವುದಿಲ್ಲ. ಆತಕೂರಿನ ಕಲ್ಲು ಬೆಂಗಳೂರಿಗೆ ಬಂದು ನಿಂತಿದೆ. ಆದರೂ ಎಷ್ಟೋ ದಿನ, ಹಸಿದ ಒಬ್ಬ ಗೊರವ ತುತ್ತೆತ್ತುವ ಮೊದಲು ಆ ನಾಯಿಯ ಮುಂದೆ ಹೋಗಿ ನಿಂತಿದ್ದಿರಬೇಕು. ಅಷ್ಟು ಕಾಲ ಅದರ ಸಾವು ಹಳತಾಗಲಿಲ್ಲ.

ಈಚೆಗೆ ಮಳೆಗಾಲದಲ್ಲಿ ರಾತ್ರಿ ಊಟಕ್ಕೆ ಕೂರುವ ಮೊದಲು ಅತ್ತೆಗೆ ಫೋನ್ ಮಾಡುತ್ತೇನೆ. ಹೆಚ್ಚು ಮಾತಿಲ್ಲ. “ಮಳೆ ಹೇಗಿದೆ ಅತ್ತೆ?” ಅನ್ನುತ್ತೇನೆ. ಅವರು ಕಿಟಕಿಯ ಹತ್ತಿರ ಹೋಗುವುದು ಕೇಳಿಸುತ್ತದೆ. ಹಿಂದಿನ ಗುಡ್ಡದ ಕಡೆ ಕಿವಿಗೊಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ನಾನೂ ಕಾಯುತ್ತೇನೆ.

“ಹಿಡಿದೇ ಇದೆ ಮಗ. ನೀನು ಊಟ ಮಾಡು.”