ವೇಗವೂ ಕೈಚಳಕವೂ

ಸುಖವು ವಸ್ತುವಿನಲ್ಲಿರುವುದೋ, ಭೋಗಿಸುವವನ ಮನಸ್ಸಿನಲ್ಲಿರುವುದೋ ಎಂಬುದು ಹಳೆಯ ಪ್ರಶ್ನೆ. 2001ರಲ್ಲಿ ಬೆಂಗಳೂರಿನ ರೇವಾ ಬೀದಿಗಿಳಿದಾಗ ವಿದ್ಯುತ್ ಕಾರಿಗೆ ವೇಗವೇ ಕೊರತೆಯಾಗಿದ್ದಿತು. ಇಂದು ರಾಮನಗರ, ಚನ್ನಪಟ್ಟಣಗಳ ಹೆದ್ದಾರಿಯಲ್ಲಿ ಅಂಥ ಕಾರು ಕಾಲೊತ್ತಿದೊಡನೆ ಗೇರಿಲ್ಲದೆ, ಸದ್ದಿಲ್ಲದೆ ಮುನ್ನುಗ್ಗುವುದು. ಅದರಿಂದಿಳಿದು ತನ್ನ ಪೆಟ್ರೋಲ್ ಕಾರನ್ನೇರಿದ ರಸಿಕನಿಗೆ ಅದು ಜಡವೆನಿಸಿದರೆ, ಅವನು ಪ್ರೀತಿಸಿದ್ದುದು ವೇಗವನ್ನು ಮಾತ್ರ. ಮಾಗಡಿಯ ತಿರುವುಗಳಲ್ಲಿ ಗೇರು ಬದಲಿಸುತ್ತ, ಎಂಜಿನ್ನಿನ ದನಿಗೆ ಕಿವಿಗೊಟ್ಟು ಇನ್ನೂ ಹಿಗ್ಗುವನಾದರೆ, ಅವನ ಪ್ರೀತಿ ಕೈಚಳಕದ ಮೇಲಿನದು. ಚನ್ನಪಟ್ಟಣದಲ್ಲಿ ಮರ ಕಡೆಯುವ ಯಂತ್ರಕ್ಕೆ ವಿದ್ಯುತ್ತು ಬಂದರೂ, ಅರಗಿನ ಬಣ್ಣವನ್ನು ಹದವರಿತು ಒತ್ತುವ ಕೈ ಕುಶಲಿಯದೇ ಅಲ್ಲವೆ? ಆದರೆ ಆ ಬಣ್ಣವು ಯಾರನ್ನೂ ನೋಯಿಸದು. ಎಂಜಿನ್ನಿನ ಹೊಗೆಯನ್ನಾದರೋ ದಾರಿಹೋಕನು ಕುಡಿಯಬೇಕು. ಆದುದರಿಂದ ನಿತ್ಯದ ಪಯಣಕ್ಕೆ ವಿದ್ಯುತ್ತು, ಅಪರೂಪಕ್ಕೆ ಎಂಜಿನ್ನು ಎಂಬುದೇ ವಿವೇಕ. ಹಬ್ಬದೂಟದಂತೆ, ಮಿತವಾದಷ್ಟೂ ಅದರ ರುಚಿ ಹೆಚ್ಚುವುದು.