ನಿಯತಾಯುಸ್ಸಿನ ಪ್ರಶ್ನೆ ಮತ್ತು ಎಚ್‌ಐವಿ ಸೋಂಕಿತ ಶಿಶು

ಮನುಷ್ಯನ ಆಯುಸ್ಸು ಹುಟ್ಟಿನೊಡನೆಯೇ ನಿಯತವಾಗಿರುತ್ತದೆಯೇ ಎಂಬ ಪ್ರಶ್ನೆಯನ್ನು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು ಗುರುವಾದ ಆತ್ರೇಯನ ಮುಂದಿಡುತ್ತಾನೆ. ಪೂರ್ವದೇಹದಲ್ಲಿ ಮಾಡಿದ ಕರ್ಮವೆಂಬ ದೈವ, ಈ ದೇಹದಲ್ಲಿ ಮಾಡುವ ಪ್ರಯತ್ನವೆಂಬ ಪುರುಷಕಾರ, ಇವೆರಡರ ಬಲಾಬಲವನ್ನು ಆಯುಸ್ಸು ಅವಲಂಬಿಸಿದೆ. ಎಲ್ಲರ ಆಯುಸ್ಸೂ ನಿಯತವಾಗಿದ್ದಲ್ಲಿ ಔಷಧವನ್ನಾಗಲಿ ಶಾಂತಿಕರ್ಮವನ್ನಾಗಲಿ ಯಾರೂ ಆಶ್ರಯಿಸಬೇಕಾಗಿರಲಿಲ್ಲ ಎಂಬುದು ಆತ್ರೇಯನ ಉತ್ತರದ ಸಾರ. ಈ ಉತ್ತರವು ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾಗುವುದು ತಾಯಿಯಿಂದ ಎಚ್‌ಐವಿ ಸೋಂಕು ಪಡೆದ ಶಿಶುವಿನ ವಿಷಯದಲ್ಲಿ. ಏಕೆಂದರೆ ಗರ್ಭದಲ್ಲೋ ಹೆರಿಗೆಯ ವೇಳೆಯಲ್ಲೋ ಎದೆಹಾಲಿನ ಮೂಲಕವೋ ವೈರಾಣುವನ್ನು ಪಡೆದ ಆ ಜೀವಕ್ಕೆ ತನ್ನದೆನ್ನಬಹುದಾದ ಪುರುಷಕಾರವೇ ಇನ್ನೂ ಇಲ್ಲ.

ಆಫ್ರಿಕಾದಲ್ಲಿ ಚಿಕಿತ್ಸೆ ದೊರೆಯದ ಇಂತಹ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು ವರ್ಷ ತುಂಬುವ ಮೊದಲೇ, ಅರ್ಧದಷ್ಟು ಎರಡು ವರ್ಷದೊಳಗೆ ತೀರಿಕೊಳ್ಳುತ್ತಿದ್ದವು. ಔಷಧವಿಲ್ಲದೆಯೇ ಹದಿಹರೆಯ ತಲುಪಿದ ಮಕ್ಕಳೂ ಇದ್ದರು. ಯಾವ ಮಗುವಿನ ಗತಿ ಏನೆಂದು ಮೊದಲೇ ಅರಿಯಲು ವೈದ್ಯವಿಜ್ಞಾನವು ಎರಡು ಅಳತೆಗಳನ್ನು ನೆಚ್ಚಿಕೊಂಡಿತು: ವೈರಾಣುವಿಗೆ ಗುರಿಯಾಗುವ ಸಿಡಿ4 ಎಂಬ ಬಿಳಿ ರಕ್ತಕಣಗಳ ಶೇಕಡಾವಾರು ಪ್ರಮಾಣ, ಮತ್ತು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಸಾಂದ್ರತೆ. ಯುರೋಪ್ ಮತ್ತು ಅಮೆರಿಕದ ಸುಮಾರು 4,000 ಮಕ್ಕಳ ದಾಖಲೆಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದೊಡ್ಡ ಮಕ್ಕಳಲ್ಲಿ ಈ ಅಳತೆಗಳು ತಕ್ಕಮಟ್ಟಿಗೆ ಮುನ್ಸೂಚನೆ ನೀಡಿದರೂ, ವರ್ಷ ತುಂಬದ ಶಿಶುಗಳಲ್ಲಿ ಸಿಡಿ4 ಪ್ರಮಾಣ ಚೆನ್ನಾಗಿದ್ದಾಗಲೂ ಅಪಾಯ ತಗ್ಗಿರಲಿಲ್ಲ.

ದಕ್ಷಿಣ ಆಫ್ರಿಕಾದ ಸೊವೆಟೊ ಮತ್ತು ಕೇಪ್‌ಟೌನ್‌ಗಳಲ್ಲಿ ನಡೆದ ‘ಚೆರ್’ ಎಂಬ ಪ್ರಯೋಗವು ಇದರ ಅರ್ಥವನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತು. ಆರರಿಂದ ಹನ್ನೆರಡು ವಾರದ, ಮೇಲುನೋಟಕ್ಕೆ ಆರೋಗ್ಯವಾಗಿದ್ದ ಶಿಶುಗಳಲ್ಲಿ ಕೆಲವಕ್ಕೆ ಕೂಡಲೇ ಚಿಕಿತ್ಸೆ ಆರಂಭವಾಯಿತು. ಉಳಿದವುಗಳ ವಿಷಯದಲ್ಲಿ, ಅಂದು ರೂಢಿಯಲ್ಲಿದ್ದಂತೆ, ಸಿಡಿ4 ಕುಸಿಯುವವರೆಗೆ ಅಥವಾ ರೋಗಲಕ್ಷಣ ಕಾಣುವವರೆಗೆ ಕಾಯಲಾಯಿತು. ಕಾದ ಗುಂಪಿನಲ್ಲಿ ಶೇ 16ರಷ್ಟು, ಕಾಯದ ಗುಂಪಿನಲ್ಲಿ ಶೇ 4ರಷ್ಟು ಶಿಶುಗಳು ಮೃತಪಟ್ಟವು ಎಂಬುದು 2008ರಲ್ಲಿ ಪ್ರಕಟವಾಯಿತು; ವರ್ಷದೊಳಗಿನ ಎಲ್ಲ ಸೋಂಕಿತ ಶಿಶುಗಳಿಗೂ ಸಿಡಿ4 ಎಷ್ಟೇ ಇರಲಿ ಚಿಕಿತ್ಸೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಸೂಚಿಸಿತು. ಲಕ್ಷಣಕ್ಕಾಗಿ ಕಾಯುತ್ತಿದ್ದಾಗಲೇ ಅಳಿದ ಆ ಶಿಶುಗಳ ಸಾವು, ಮುನ್ಸೂಚನೆಯನ್ನು ಕುರಿತ ಯಾವ ತಾತ್ವಿಕ ವಿಚಾರವೂ ದಾಟಿಹೋಗಬಾರದ ಸಂಗತಿ.

ನೂರು ಮಕ್ಕಳ ವಿಷಯದಲ್ಲಿ ದಿಟವಾದ ಪ್ರಮಾಣವು ಎದುರಿಗಿರುವ ಒಂದು ಮಗುವಿನ ಹಣೆಬರಹವಾಗುವುದಿಲ್ಲ; ಚಿಕಿತ್ಸೆ ದೊರೆತೊಡನೆ ಆ ಪ್ರಮಾಣವೇ ಬದಲಾಗುವುದರಿಂದ, ಅದು ದೈವದ ಜ್ಞಾನವೂ ಅಲ್ಲ. ಮಗುವಿನ ರೋಗದಿಂದ ಹಿಂದಕ್ಕೆ ತರ್ಕಿಸಿ ಪೂರ್ವಜನ್ಮದ ಪಾಪವನ್ನು ಊಹಿಸುವವರು ಆತ್ರೇಯನ ಮಾತನ್ನು ತಲೆಕೆಳಗಾಗಿಸುತ್ತಾರೆ, ಏಕೆಂದರೆ ಅವನ ವಾದವೆಲ್ಲ ಚಿಕಿತ್ಸೆಗೆ ಎಡೆಮಾಡಿಕೊಡುವುದಕ್ಕಾಗಿಯೇ ಇದೆ. ಅದೇ ಗ್ರಂಥದ ಸೂತ್ರಸ್ಥಾನವು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ರೋಗಿಗೆ ನೆನಪು, ಹೇಳಿದಂತೆ ನಡೆಯುವುದು, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ ಇರಬೇಕೆನ್ನುತ್ತದೆ. ಶಿಶುವಿಗೆ ಇವುಗಳಲ್ಲಿ ಒಂದೂ ಇಲ್ಲ. ಆದುದರಿಂದ ಅದರ ಪಾಲಿನ ಪುರುಷಕಾರವನ್ನು ಉಳಿದ ಮೂರು ಪಾದಗಳೇ ಹೊರಬೇಕಾಗುತ್ತದೆ, ಮತ್ತು ಒಬ್ಬರ ಪ್ರಯತ್ನವು ಇನ್ನೊಬ್ಬರ ಆಯುಸ್ಸಿನ ಕಾರಣವಾಗಬಲ್ಲದೆಂದು ಒಪ್ಪಬೇಕಾಗುತ್ತದೆ. ಮಗು ಬೆಳೆದು ತನ್ನ ರೋಗವೇನೆಂದು ತಿಳಿದು ದಿನದಿನದ ಗುಳಿಗೆಯನ್ನು ತಾನೇ ನೆನಪಿಟ್ಟು ನುಂಗುವ ವಯಸ್ಸಿಗೆ ಬಂದ ಮೇಲೆಯೇ ನಾಲ್ಕನೆಯ ಪಾದದ ಮಾತು ಅದಕ್ಕೆ ಅನ್ವಯಿಸುತ್ತದೆ.