ಸರಿಯಿರುವುದಕ್ಕೆ ಕೈ ಹಾಕದವರು

ಕೆಲಮಂಗಲದ ಕಡೆ ತೋಟ ಇಟ್ಟವರಿಗೆ ರಿಲೇ ಅಂದರೇನೆಂದು ಪಾಠ ಹೇಳಬೇಕಿಲ್ಲ. ಬೋರ್‌ವೆಲ್ ಸ್ಟಾರ್ಟರಿನ ಹಸಿರು ಬಟನ್ ಒತ್ತಿದರೆ ಒಳಗೆ ‘ಟಕ್’ ಎನ್ನುತ್ತದೆ. ಕಾಯಿಲ್ ಎಳೆದು ಪಾಯಿಂಟುಗಳು ಕೂಡಿದವು ಅಂತ. ಬೆರಳು ತೆಗೆದರೂ ಮೋಟಾರು ನಿಲ್ಲುವುದಿಲ್ಲ. ಜೊತೆಗೇ ಕೂಡಿಕೊಂಡ ಇನ್ನೊಂದು ಪುಟ್ಟ ಪಾಯಿಂಟು ಕಾಯಿಲಿಗೆ ಕರೆಂಟು ಕೊಡುತ್ತಲೇ ಇರುತ್ತದೆ.

ಚೆಂಡು ಉರುಳಿಸಿ ಅಂಕ ಗಳಿಸುವ ಆಟದ ಯಂತ್ರಗಳಾದ ಅಮೆರಿಕದ ಹಳೆಯ ಪಿನ್‌ಬಾಲ್‌ಗಳು ನಡೆಯುತ್ತಿದ್ದದ್ದೂ ಹೀಗೆಯೇ. 1947ರಲ್ಲಿ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರ ಚೆಂಡನ್ನು ಹಿಂದಕ್ಕೆ ಹೊಡೆಯುವ ಫ್ಲಿಪ್ಪರುಗಳನ್ನು ತಂದಿತು. 1970ರ ದಶಕದ ಕೊನೆಗೆ ಚಿಪ್‌ಗಳ ಕಾಲ ಬರುವ ತನಕ ಅಂಕ ಎಣಿಸುವುದು, ಗಂಟೆ ಬಾರಿಸುವುದು, ಆಟ ಮುಗಿಸುವುದು ಎಲ್ಲ ರಿಲೇ, ಕಾಯಿಲ್, ಅಂಕಿ ಬರೆದ ಚಕ್ರಗಳದೇ ಕೆಲಸ. ನಮ್ಮ ರೈಲ್ವೆ ಸ್ಟೇಷನ್ನುಗಳಲ್ಲಿ ಬಣ್ಣದ ದೀಪ ಮಿನುಗಿಸಿ, ಕಾಸು ಹಾಕಿದರೆ ರಟ್ಟಿನ ಚೀಟಿಯಲ್ಲಿ ತೂಕದ ಜೊತೆ ಭವಿಷ್ಯವನ್ನೂ ಉದುರಿಸುತ್ತಿದ್ದ ಯಂತ್ರ ಇವುಗಳ ದಾಯಾದಿ. (ಭವಿಷ್ಯ ನಂಬಿದವರೂ ತೂಕ ನಂಬುತ್ತಿರಲಿಲ್ಲ.)

ಇಂಥ ಪಿನ್‌ಬಾಲ್ ಯಂತ್ರವನ್ನು ಮನೆಯಲ್ಲಿ ರಿಪೇರಿಗೆ ಹಿಡಿದವರಿಗೆ ಮೊದಲು ಬೇಕಾದದ್ದು ಕೈ ಕಟ್ಟಿ ಕೂರುವ ಅಭ್ಯಾಸ. ಮುಚ್ಚಳ ತೆಗೆದರೆ ತೆಳು ತಗಡಿನ ಸ್ವಿಚ್ಚುಗಳ ಸಾಲು ಸಾಲು. ಎಲ್ಲವನ್ನೂ ಉಜ್ಜಿ, ಒಂದಿಷ್ಟು ಬಗ್ಗಿಸಿ, ಎಣ್ಣೆ ಬಿಟ್ಟುಬಿಡೋಣ ಅನ್ನಿಸುತ್ತದೆ. ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಸರಿಯಿದ್ದ ಸ್ವಿಚ್ಚು ಬಗ್ಗಿಸಿದರೆ ಒಂದಿದ್ದ ದೋಷ ಎರಡಾಗುತ್ತದೆ, ಎರಡನೆಯದು ನಾವು ತಂದದ್ದೆಂದು ಗೊತ್ತೂ ಆಗುವುದಿಲ್ಲ. ಬಲ್ಲವರು ಮೊದಲು ಆಟ ಆಡಿ ಎಲ್ಲಿ ತಪ್ಪುತ್ತದೆಂದು ನೋಡುತ್ತಾರೆ. ಹತ್ತರ ಚಕ್ರ ಸರಿಯಾಗಿ ತಿರುಗುತ್ತಿದ್ದು, ನೂರರ ಚಕ್ರ ಮಾತ್ರ ಕದಲದಿದ್ದರೆ, ಹತ್ತರ ಚಕ್ರ ಒಂಬತ್ತಕ್ಕೆ ಬಂದಾಗ ಕೂಡಬೇಕಾದ ಪಾಯಿಂಟಿನ ಮೇಲೆ ಅನುಮಾನ. ಪ್ಲಗ್ ಕಿತ್ತು, ಆ ಪಾಯಿಂಟಿನ ನಡುವೆ ದಪ್ಪ ಕಾಗದದ ಚೂರು ಇಟ್ಟು ಮೆಲ್ಲಗೆ ಎಳೆಯುತ್ತಾರೆ. ಕಾಗದಕ್ಕೆ ಕಪ್ಪು ಗೆರೆ ಬರುತ್ತದೆ. ಇನ್ನೇನನ್ನೂ ಮುಟ್ಟದೆ ಮತ್ತೆ ಆಡಿ ನೋಡುತ್ತಾರೆ.

ನಮ್ಮನ್ನು ನಾವು ತಿದ್ದಿಕೊಳ್ಳುವಾಗ ಈ ತಾಳ್ಮೆ ಎಲ್ಲಿ ಹೋಗುತ್ತದೋ! ಯುಗಾದಿ ದಿನದಿಂದ ಐದಕ್ಕೆ ಏಳುವುದು, ಕಾಫಿ ಬಿಡುವುದು, ವಾಕಿಂಗು, ಮೊಬೈಲಿಗೆ ರಜ, ಎಲ್ಲ ಒಟ್ಟಿಗೆ. ತಿಂಗಳೊಳಗೆ ಎಲ್ಲವೂ ಒಟ್ಟಿಗೇ ಬಿದ್ದುಹೋಗುತ್ತವೆ, ಯಾವುದು ಯಾವುದನ್ನು ಕೆಡವಿತು ಎಂದು ಹೇಳಲು ಬರುವುದಿಲ್ಲ. ರಾತ್ರಿ ಮಲಗುವ ಹೊತ್ತೊಂದನ್ನೇ ಹಿಂದಕ್ಕೆ ತಂದು, ಕಾಫಿಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಬೆಳಗಿನ ಏಳುವಿಕೆ ತಾನಾಗಿ ಸರಿಹೋಗುತ್ತಿತ್ತೇನೋ. ಹೊಸೂರಿನ ಫ್ಯಾಕ್ಟರಿಗಳಲ್ಲಿ ಶಿಫ್ಟು ಬದಲಾಗುತ್ತಲೇ ಇರುವವರಿಗಂತೂ ಐದು ಗಂಟೆಯ ವ್ರತವೇ ಅಸಂಬದ್ಧ.

ಮಕ್ಕಳ ವಿಷಯದಲ್ಲಿ ನಮ್ಮ ಕೈ ಇನ್ನೂ ಚುರುಕು. ಲೆಕ್ಕದಲ್ಲಿ ಅಂಕ ಕಡಿಮೆ ಬಂತೆಂದರೆ ಕ್ರಿಕೆಟ್ ಬಂದ್, ಟಿವಿ ಬಂದ್, ಪಕ್ಕದ ಮನೆ ಹುಡುಗನ ಸಹವಾಸ ಬಂದ್, ಟ್ಯೂಷನ್ ಶುರು. ಯಾವಾಗಿನಿಂದ ಅರ್ಥವಾಗುತ್ತಿಲ್ಲ ಮಗಾ ಎಂದು ಕೂತು ಕೇಳಿದರೆ, ಹಿಂದಿನ ಬೆಂಚಿಗೆ ಕಳಿಸಿದ ಮೇಲಿಂದ ಬೋರ್ಡು ಕಾಣಿಸುತ್ತಿಲ್ಲ ಎನ್ನಬಹುದು. ಹಾಗಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅಟ್ಟಕ್ಕೆ ಎಸೆದ ಬ್ಯಾಟನ್ನು ಇಳಿಸಿಕೊಡಿ.